ರೈಟರ್ ತಿಪ್ಪೇಶಪ್ಪ ಬರೆದ ಬೀದಿದೀಪ

ತಿಪ್ಪೇಶಪ್ಪನ ಅಕ್ಷರ ಮುತ್ತು ಪೋಣಿಸಿದ ಹಾಗೆ ಇರುತ್ತಿತ್ತು. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿ ಅವನು ಏಳನೆಯ ತರಗತಿ ಓದುತ್ತಿದ್ದಾಗಲೇ ಊರಿನವರು ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಗಳನ್ನು ಅವನ ಕೈಯಲ್ಲಿ ಬರೆಸುತ್ತಿದ್ದರು. ತಲೆಕಟ್ಟು ನೇರ, ಒತ್ತಕ್ಷರ ಸ್ಫುಟ. ಗೆರೆಯಿಲ್ಲದ ಹಾಳೆಯಲ್ಲಿ ಬರೆದರೂ ಸಾಲು ಒಂದಿಷ್ಟೂ ಇಳಿಯುತ್ತಿರಲಿಲ್ಲ. ಅದನ್ನು ನೋಡಿದವರೆಲ್ಲ ಈ ಹುಡುಗ ಮೇಷ್ಟ್ರಾಗುತ್ತಾನೆ ಎಂದೇ ತಿಳಿದಿದ್ದರು. ಅವನು ಮೇಷ್ಟ್ರಾಗಲಿಲ್ಲ, ಪೊಲೀಸ್ ಪೇದೆಯಾದ. ಆದರೆ ಅಕ್ಷರ ಅವನನ್ನು ಅಲ್ಲಿಯೂ ಬಿಡಲಿಲ್ಲ. ಲಾಠಿ ಹಿಡಿದು ಬಿಸಿಲಿನಲ್ಲಿ ನಿಲ್ಲಬೇಕಾಗಿದ್ದವನನ್ನು ಮೇಲಿನವರು ಠಾಣೆಯ ಮೇಜಿನ ಹಿಂದೆ ಕೂರಿಸಿ 'ರೈಟರ್' ಮಾಡಿದರು.

ಠಾಣೆಗೆ ರೈಟರ್ ಎಂದರೆ ಮನೆಗೆ ಹಿರಿಯ ಸೊಸೆ ಇದ್ದಂತೆ. ಯಾವ ಕೆಲಸವೂ ಅವನ ಕೈ ತಪ್ಪಿಸಿ ಹೋಗುವುದಿಲ್ಲ. ದೂರು ಹೇಳಲು ಬರುವವರು ಅಳುತ್ತ, ನಡುಗುತ್ತ, ಮೊದಲಿನದನ್ನು ಕೊನೆಗೂ ಕೊನೆಯದನ್ನು ಮೊದಲಿಗೂ ಮಾಡಿ ಹೇಳುತ್ತಾರೆ. ಅದನ್ನು ಸಾಲುಗೂಡಿಸಿ ಕೋರ್ಟಿನಲ್ಲಿ ನಿಲ್ಲುವಂತೆ ಬರೆಯುವುದು ರೈಟರನ ಕಸುಬು. ಅದಕ್ಕೆಂದೇ ಹಳೆಯ ರೈಟರುಗಳಿಂದ ಬಾಯಿಪಾಠವಾಗಿ ಇಳಿದುಬಂದ ವಾಕ್ಯಗಳಿದ್ದವು. ಹೊಡೆದಾಟವಾದರೆ 'ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು.' ದೂರು ಕೊಡಲು ತಡವಾದರೆ 'ಊರಿನ ಹಿರಿಯರು ರಾಜಿ ಮಾಡಿಸುವುದಾಗಿ ಹೇಳಿದ್ದರಿಂದ.' ಕತ್ತಲಾದ ಮೇಲೆ ನಡೆದ ಘಟನೆಯಾದರೆ 'ಬೀದಿದೀಪದ ಬೆಳಕಿನಲ್ಲಿ ಆರೋಪಿಯನ್ನು ಕಂಡು ಗುರುತಿಸಿರುತ್ತೇನೆ.' ಎಲ್ಲಕ್ಕೂ ಕೊನೆಯಲ್ಲಿ 'ಓದಿಸಿ ಕೇಳಿದೆ, ಸರಿ ಇರುತ್ತದೆ.' ತಿಪ್ಪೇಶಪ್ಪನಿಗೆ ಇವೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಅವನು ಬರೆದ ದೂರಿನಲ್ಲಿ ತಪ್ಪು ಹುಡುಕಲು ವಕೀಲರಿಗೂ ಆಗದು ಎಂದು ಮೇಲಧಿಕಾರಿಗಳೇ ಹೊಗಳುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ?

ಹದಿನೈದು ವರ್ಷಗಳ ಹಿಂದೆ ಅವನು ಜಗಳೂರು ಸೀಮೆಯ ಒಂದು ಠಾಣೆಯಲ್ಲಿದ್ದ. ಒಂದು ದಿನ ಬೆಳಿಗ್ಗೆ ಮೂವತ್ತು ವರ್ಷದ ಒಬ್ಬ ಹೆಂಗಸು ಸೀರೆಯ ಮೇಲೆಲ್ಲ ರಕ್ತದ ಕಲೆ ಮಾಡಿಕೊಂಡು ಠಾಣೆಗೆ ಬಂದಳು. ಹೆಸರು ದುರುಗಮ್ಮ. ಅವಳ ಗಂಡ ಆಂಜನೇಯ ಕುರಿ ಕಾಯುವವನು. ಹಿಂದಿನ ಸಂಜೆ ಹೊತ್ತು ಮುಳುಗಿದ ಮೇಲೆ, ಕುರಿಹಟ್ಟಿಯ ಬಾಗಿಲಲ್ಲಿ ಯಾರೋ ಅವನ ತಲೆಗೆ ದೊಣ್ಣೆಯಿಂದ ಹೊಡೆದು ಓಡಿದ್ದರು. ಅವನು ದಾವಣಗೆರೆಯ ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿದ್ದ.

"ಯಾರು ಹೊಡೆದದ್ದು?" ಎಂದು ತಿಪ್ಪೇಶಪ್ಪ ಕೇಳಿದ.

"ಜಯಪ್ಪ, ಸ್ವಾಮಿ. ಪಕ್ಕದ ಹಟ್ಟಿಯೋನು. ನಮ್ಮ ಟಗರು ಅವನ ಮೆಕ್ಕೆಜೋಳಕ್ಕೆ ಬಿದ್ದಿತ್ತು ಅಂತ ವಾರದಿಂದ ಹಲ್ಲು ಮಸೀತಿದ್ದ."

"ನೀನು ಕಣ್ಣಾರೆ ಕಂಡೆಯಾ?"

"ಮುಖ ಕಾಣಲಿಲ್ಲ. ಕರೆಂಟ್ ಹೋಗಿತ್ತು, ಎಲ್ಲ ಕತ್ತಲೆ ಕವಿದಿತ್ತು. ಆದ್ರೆ ದನಿ ಅವಂದೇ. ಹೊಡೆದು ಓಡೋವಾಗ ನಾಯಿನ ಕೂಗಿದ. ಮದುವೆಯಾಗಿ ಬಂದಾಗಿಂದ ದಿನಾ ಆ ದನಿ ಕೇಳ್ತಾ ಇದೀನಿ. ನಮ್ಮ ಕುರಿ ದನಿ ತಪ್ಪಿದ್ರೂ ಅವನ ದನಿ ತಪ್ಪಾಕಿಲ್ಲ."

ತಿಪ್ಪೇಶಪ್ಪನಿಗೆ ಅವಳ ಮೇಲೆ ನಿಜವಾಗಿಯೂ ಮರುಕ ಹುಟ್ಟಿತು. ಮರುಕ ಹುಟ್ಟಿದ್ದರಿಂದಲೇ ಅವನು, "ದನಿ ಗಿನಿ ಎಲ್ಲ ಕೋರ್ಟಲ್ಲಿ ನಿಲ್ಲಲ್ಲಮ್ಮ. ನೀನು ಸುಮ್ನಿರು, ನಾನು ಸರಿಯಾಗಿ ಬರೀತೀನಿ" ಎಂದು ಕಾಗದ ಎಳೆದುಕೊಂಡ. ಮುತ್ತಿನಂತಹ ಅಕ್ಷರದಲ್ಲಿ ಎರಡು ಪುಟ ಬರೆದ. ಅದರೊಳಗೆ ಬೀದಿದೀಪವೂ ಉರಿಯಿತು. ಓದು ಬಾರದ ದುರುಗಮ್ಮ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದಳು. ಓದಿ ಹೇಳಲು ಹೊತ್ತಿರಲಿಲ್ಲ. ಅವಳು ಆಸ್ಪತ್ರೆಗೆ ಓಡಬೇಕಾಗಿತ್ತು, ಅವನಿಗೆ ಇನ್ನೂ ಇಬ್ಬರ ದೂರು ಬರೆಯುವುದಿತ್ತು. ಸಬ್ ಇನ್ಸ್‌ಪೆಕ್ಟರು ರುಜು ಹಾಕಿದರು. ಜಯಪ್ಪನ ದಸ್ತಗಿರಿಯೂ ಆಯಿತು. ಒಂದು ವರ್ಷದೊಳಗೆ ತಿಪ್ಪೇಶಪ್ಪ ವರ್ಗವಾಗಿ ಚನ್ನಗಿರಿಯ ಕಡೆಗೆ ಬಂದ. ನೂರಾರು ಕೇಸುಗಳಲ್ಲಿ ಅದೂ ಒಂದಾಗಿ ಮರೆತುಹೋಯಿತು.

ಎರಡು ವರ್ಷಗಳ ಮೇಲೆ ಒಮ್ಮೆ ಅವನು ಚನ್ನಗಿರಿಯ ಬಸ್ ನಿಲ್ದಾಣದಲ್ಲಿ ಬಂದೋಬಸ್ತಿಗೆ ನಿಂತಿದ್ದಾಗ, ಕೋಲೂರಿಕೊಂಡು ಒಬ್ಬ ಮುದುಕಿ ಹತ್ತಿರ ಬಂದಳು. ಅವಳು ಆಂಜನೇಯನ ತಾಯಿ ಉಡಚಮ್ಮ. ಕೇಸು ಬರೆದ ರೈಟರ್ ಈಗ ಚನ್ನಗಿರಿಯ ಕಡೆ ಇದ್ದಾನೆಂದು ಯಾರಿಂದಲೋ ತಿಳಿದು, ಎರಡು ಬಸ್ಸು ಬದಲಿಸಿ ಬಂದಿದ್ದಳು.

"ಜಯಪ್ಪನ್ನ ಬಿಟ್ಟುಬಿಟ್ರಂತಲ್ಲ ಸ್ವಾಮಿ. ಹೆಂಗೆ ಬಿದ್ದೋತು ಕೇಸು?"

ಅಂದು ಮಂತ್ರಿಗಳೊಬ್ಬರು ಬರುವವರಿದ್ದರು. ಸೀಟಿ ಊದಿ ಊದಿ ತಿಪ್ಪೇಶಪ್ಪನ ಗಂಟಲು ಒಣಗಿತ್ತು. ಕೇಸು ಬಿದ್ದ ಸುದ್ದಿಯೇ ಅವನಿಗೆ ಹೊಸದು. ಆದರೂ ಹಿಂದುಮುಂದು ನೋಡದೆ, "ನಾವು ಗಟ್ಟಿಯಾಗೇ ಬರೆದಿದ್ವಿ ಅಜ್ಜಿ. ನಿಮ್ಮ ಸೊಸೆನೇ ಕೋರ್ಟಲ್ಲಿ ಉಲ್ಟಾ ಹೇಳಿರಬೇಕು. ಸಾಕ್ಷಿನೇ ತಿರುಗಿಬಿದ್ರೆ ಪೊಲೀಸ್ನೋರು ಏನು ಮಾಡಾಕಾಗ್ತದೆ?" ಎಂದುಬಿಟ್ಟ.

ಮುದುಕಿ, "ಹಂಗಾ" ಎಂದಳು. ಆಮೇಲೆ ಕೈ ಮುಗಿದು, ಜಗಳೂರಿಗೆ ಹೋಗುವ ಬಸ್ಸು ಯಾವುದೆಂದು ಅವನನ್ನೇ ಕೇಳಿ ಹೊರಟುಹೋದಳು.

ವರ್ಷಗಳು ಉರುಳಿದವು. ತಿಪ್ಪೇಶಪ್ಪ ಹೆಡ್ ಕಾನ್‌ಸ್ಟೇಬಲ್ ಆದ, ಎ.ಎಸ್.ಐ. ಆಗಿ ಹೊನ್ನಾಳಿಗೆ ಬಂದ. ಹೆಂಡತಿ ಅಂತರಘಟ್ಟಮ್ಮನೊಡನೆ ಪೊಲೀಸ್ ವಸತಿಗೃಹದಲ್ಲಿ ಸಂಸಾರ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವಾಗ ಠಾಣೆಗೆ ಒಂದು ಸುತ್ತೋಲೆ ಬಂತು: ಸೇವೆಯಲ್ಲಿರುವ ಪೊಲೀಸರು ರಜೆ ಹಾಕದೆ, ಅಂಚೆಯ ಮೂಲಕ ಪಾಠ ತರಿಸಿಕೊಂಡು, ತಿಂಗಳಿಗೆರಡು ಭಾನುವಾರ ತರಗತಿಗೆ ಹೋಗಿ, ಅಪರಾಧಶಾಸ್ತ್ರ ಮತ್ತು ಪೊಲೀಸ್ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದು. ಹಿಂದೆ ಅಂಚೆಯ ಪಾಠದಿಂದಲೇ ಬಿ.ಎ. ಮುಗಿಸಿಕೊಂಡಿದ್ದ ತಿಪ್ಪೇಶಪ್ಪನಿಗೆ ಎಂ.ಎ. ಎಂಬ ಎರಡಕ್ಷರದ ಮೇಲೆ ಹಳೆಯ ಆಸೆ ಇತ್ತು. ಅದೇ ಠಾಣೆಯ ಪ್ರದೀಪ್ ಎಂಬ ಎಳೆಯ ಕಾನ್‌ಸ್ಟೇಬಲ್ ಜೊತೆಗೆ ಅವನೂ ಅರ್ಜಿ ಹಾಕಿದ.

"ಅರವತ್ತಕ್ಕೆ ಅರಳು ಮರಳು ಅಂತಾರೆ, ನಮ್ಮ ಎ.ಎಸ್.ಐ. ಸಾಹೇಬ್ರಿಗೆ ಐವತ್ತಾರಕ್ಕೇ ಬಂತು" ಎಂದು ಠಾಣೆಯವರು ನಕ್ಕರು.

"ನಗ್ರಿ, ನಗ್ರಿ. ನಾಳೆ ಸಾಹೇಬ್ರು ಎಸ್ಪಿ ಆಗಿ ಬಂದ್ರೆ ಮೊದಲು ನಿಮ್ಮನ್ನೇ ವರ್ಗ ಮಾಡಸ್ತಾರೆ" ಎಂದು ಪ್ರದೀಪ್ ಅವನ ಪರ ವಹಿಸಿದ.

ಅಂತರಘಟ್ಟಮ್ಮ ಮಾತ್ರ, "ಓದೋದು ಓದ್ರಿ. ಆದ್ರೆ ಪುಸ್ತಕ ಊಟದ ತಟ್ಟೆ ಪಕ್ಕ ಇಡಬ್ಯಾಡ್ರಿ, ಸಾರು ಸಿಡೀತೈತೆ" ಎಂದು ಒಪ್ಪಿಗೆ ಕೊಟ್ಟಳು.

ದಾವಣಗೆರೆಯಲ್ಲಿ ಮೊದಲ ಭಾನುವಾರದ ತರಗತಿ ಒಂದು ತಮಾಷೆಯೇ ಆಯಿತು. ವಿದ್ಯಾರ್ಥಿಗಳಲ್ಲಿ ಒಬ್ಬರು ಡಿ.ವೈ.ಎಸ್.ಪಿ. ಇದ್ದರು. ಅವರು ಒಳಗೆ ಬಂದೊಡನೆ ಮೂವತ್ತು ಜನ ವಿದ್ಯಾರ್ಥಿಗಳೂ ಧಡಾರನೆ ಎದ್ದು ನಿಂತರು. ಅವರು ಕೂತ ಬೆಂಚಿನಲ್ಲಿ ಕೂರುವ ಧೈರ್ಯ ಯಾರಿಗೂ ಬರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಮಾತ್ರ ಸಂತೆಯ ದಿನದ ಬಸ್ಸಿನಂತೆ ನೂಕುನುಗ್ಗಲು. ಪಾಠ ಮಾಡಲು ಬಂದ ಸಂಧ್ಯಾರಾಣಿ ಮೇಡಂ ಕಾನೂನು ಓದಿಸುವವರು. ನಲವತ್ತರ ಒಳಗಿನ ವಯಸ್ಸು, ಮೆಲುದನಿ. ಎಲ್ಲರನ್ನೂ ಹೆಸರು ಕರೆದು ಮುಂದೆ ಕೂರಿಸಿದರು.

ಆರನೆಯ ತರಗತಿಯಲ್ಲೋ ಏಳನೆಯದರಲ್ಲೋ ಮೇಡಂ ಒಂದು ಅಭ್ಯಾಸ ಕೊಟ್ಟರು. ಇಬ್ಬಿಬ್ಬರು ಜೊತೆಯಾಗಿ ಕೂರಬೇಕು. ಆ ದಿನ ಬೆಳಿಗ್ಗೆ ತನಗೆ ಏನಾಯಿತೆಂದು ಒಬ್ಬನು ಹೇಳಬೇಕು, ಇನ್ನೊಬ್ಬನು ದೂರು ಬರೆದುಕೊಳ್ಳುವ ಹಾಗೆ ಅದನ್ನು ಬರೆಯಬೇಕು. ಪ್ರದೀಪ್ ತಿಪ್ಪೇಶಪ್ಪನಿಗೆ, "ಎದ್ದೆ ಸರ್. ಹೆಂಡ್ತಿ ಬೈದ್ಲು. ಟೀ ಕುಡೀದೇ ಬಸ್ ಹತ್ತಿದೆ" ಎಂದಷ್ಟೇ ಹೇಳಿದ.

ತಿಪ್ಪೇಶಪ್ಪ ಬರೆದದ್ದನ್ನು ಎದ್ದು ನಿಂತು ಓದಿದ: "ಈ ದಿನ ಬೆಳಿಗ್ಗೆ ಸುಮಾರು ಆರು ಗಂಟೆ ಸಮಯದಲ್ಲಿ ನಾನು ಎಂದಿನಂತೆ ನನ್ನ ವಾಸದ ಮನೆಯಲ್ಲಿದ್ದಾಗ, ನನ್ನ ಪತ್ನಿಯು ಏಕಾಏಕಿ ಬಂದು ವಿನಾಕಾರಣ ಅವಾಚ್ಯ ಶಬ್ದಗಳಿಂದ ಬೈದಿದ್ದು..."

ತರಗತಿ ಬಿದ್ದು ಬಿದ್ದು ನಕ್ಕಿತು. ಡಿ.ವೈ.ಎಸ್.ಪಿ. ಸಾಹೇಬರೂ ಕಣ್ಣೊರೆಸಿಕೊಂಡರು. "ಸರ್, ಇದನ್ನ ನನ್ನ ಹೆಂಡ್ತಿಗೆ ತೋರಿಸಬೇಡ್ರಿ, ಎರಡನೇ ಕೇಸಾಗ್ತೈತೆ" ಎಂದು ಪ್ರದೀಪ್ ಕೈ ಮುಗಿದ.

ಸಂಧ್ಯಾರಾಣಿ ಮೇಡಂ ನಗಲಿಲ್ಲ. "ತಿಪ್ಪೇಶಪ್ಪನವರೆ, ವಿನಾಕಾರಣ ಎಂದು ಪ್ರದೀಪ್ ಹೇಳಿದರಾ?" ಎಂದು ಕೇಳಿದರು.

"ಇಲ್ಲ ಮೇಡಂ. ಅದು... ಹಂಗೇ ಬರೆಯೋದು."

"ಎಷ್ಟು ವರ್ಷದಿಂದ ಹಾಗೆ ಬರೆಯುತ್ತಿದ್ದೀರಿ?"

ತಿಪ್ಪೇಶಪ್ಪ ಹಾಳೆಯನ್ನು ಮಡಿಸಿ ಕೂತ. ಮೇಡಂ ಅವನನ್ನು ಇನ್ನೇನೂ ಕೇಳದೆ ಪಾಠ ಮುಂದುವರಿಸಿದರು. ನೊಂದವನು ಮೊದಲು ಹೇಳಿದ ಮಾತು ಅವನ ಬಾಯಿಂದ ಬಂದ ಹಾಗೆಯೇ ಕಾಗದಕ್ಕೆ ಇಳಿಯಬೇಕು. ನಾವು ಒಳ್ಳೆಯದಕ್ಕೆಂದು ಸೇರಿಸಿದ ಒಂದು ಮಾತೂ ಮುಂದೆ ಅವನ ಕೊರಳಿಗೇ ಸುತ್ತಿಕೊಳ್ಳಬಹುದು. ಪರಿಚಯದ ದನಿಯನ್ನು ಕೇಳಿ ಗುರುತು ಹಿಡಿದರೆ ಅದೂ ಸಾಕ್ಷ್ಯವೇ, ಎಷ್ಟು ನಂಬಬಹುದೆಂದು ನ್ಯಾಯಾಲಯ ತೂಗಿ ನೋಡುತ್ತದೆ. ಕೊನೆಯ ಮಾತನ್ನು ತಿಪ್ಪೇಶಪ್ಪ ನೋಟು ಪುಸ್ತಕದಲ್ಲಿ ಬರೆದುಕೊಂಡ. ಆಗ ಅವನಿಗೆ ದುರುಗಮ್ಮನ ನೆನಪು ಬರಲಿಲ್ಲ.

ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕಾಗಿತ್ತು. ತಿಪ್ಪೇಶಪ್ಪ ಆರಿಸಿಕೊಂಡ ವಿಷಯ, ಮೊದಲ ದೂರಿನ ದೋಷದಿಂದ ಬಿದ್ದುಹೋದ ಪ್ರಕರಣಗಳು. ಇಪ್ಪತ್ತು ತೀರ್ಪುಗಳ ನಕಲುಗಳನ್ನು ಕೋರ್ಟಿನಿಂದ ಪಡೆದುಕೊಂಡು, ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಮನೆಯ ಜಗುಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಓದುತ್ತ ಕೂತ. ಹನ್ನೊಂದನೆಯ ತೀರ್ಪಿನಲ್ಲಿ ದುರುಗಮ್ಮ, ಗಂಡ ಆಂಜನೇಯ ಎಂಬ ಹೆಸರುಗಳಿದ್ದವು.

ಮೊದಲು ಅವನಿಗೆ ಹೆಸರು ಮಾತ್ರ ಪರಿಚಿತವೆನಿಸಿತು. ಮುಂದೆ ಓದಿದ. ಘಟನೆಯ ಸಂಜೆ ಆರೂವರೆಯಿಂದ ಒಂಬತ್ತರವರೆಗೆ ಆ ಹಳ್ಳಿಗೆ ವಿದ್ಯುತ್ತೇ ಇರಲಿಲ್ಲವೆಂದು ಜಯಪ್ಪನ ವಕೀಲರು ವಿದ್ಯುತ್ ಕಚೇರಿಯ ಪತ್ರ ತಂದು ಹಾಜರು ಮಾಡಿದ್ದರು. ದೂರಿನಲ್ಲಿ ಬೀದಿದೀಪದ ಬೆಳಕಿನಲ್ಲಿ ಕಂಡೆ ಎಂದಿದೆ, ಕಟಕಟೆಯಲ್ಲಿ ಬೆಳಕೇ ಇರಲಿಲ್ಲ ಎನ್ನುತ್ತಾಳೆ, ಹೀಗಿರುವಾಗ ಈ ಸಾಕ್ಷಿಯನ್ನು ನಂಬುವುದು ಹೇಗೆ? ಸಂಶಯದ ಲಾಭವನ್ನು ಆರೋಪಿಗೆ ಕೊಡಲಾಗಿದೆ. ತೀರ್ಪಿನ ಹಿಂದೆ ದುರುಗಮ್ಮ ಕೋರ್ಟಿನಲ್ಲಿ ನುಡಿದ ಸಾಕ್ಷ್ಯವೂ ಇತ್ತು. ವಕೀಲರು ನಾಲ್ಕು ಸಲ ಕೇಳಿದ್ದರು. ನಾಲ್ಕು ಸಲವೂ ಅವಳು ಒಂದೇ ಮಾತು ಹೇಳಿದ್ದಳು: ದೀಪ ಇರಲಿಲ್ಲ, ದನಿಯಿಂದ ಗುರುತು ಹಿಡಿದೆ, ಠಾಣೆಯಲ್ಲೂ ಹಾಗೆಯೇ ಹೇಳಿದ್ದೆ. ಕೊನೆಯ ಹಾಳೆ ಮೂಲ ದೂರಿನ ನಕಲು. ತಲೆಕಟ್ಟು ನೇರ, ಒತ್ತಕ್ಷರ ಸ್ಫುಟ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು.

'ನೀನು ಸುಮ್ನಿರು, ನಾನು ಸರಿಯಾಗಿ ಬರೀತೀನಿ' ಎಂದದ್ದು ಆಗ ನೆನಪಾಯಿತು. ಅದರ ಬೆನ್ನಿಗೇ ಕೋಲೂರಿ ನಿಂತ ಮುದುಕಿಯೂ, ಅವಳಿಗೆ ತಾನು ಬಸ್ ನಿಲ್ದಾಣದಲ್ಲಿ ಕೊಟ್ಟ ಉತ್ತರವೂ ನೆನಪಾದವು. ಅಂತರಘಟ್ಟಮ್ಮ ಎರಡು ಸಲ ತಿಂಡಿಗೆ ಕರೆದರೂ ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ಅವಳೇ ಹೊರಗೆ ಬಂದಳು. ಅವನು ಎಲ್ಲವನ್ನೂ ಹೇಳಿದ.

"ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಏನ್ರಿ?" ಎಂದಳು ಅವಳು, ಸಮಾಧಾನಕ್ಕೆ.

"ಮಿಂಚಿ ಹೋಗಿರೋದು ನನಗೆ. ಆಯಮ್ಮನಿಗೆ ಹೆಂಗೈತೋ" ಎಂದ ತಿಪ್ಪೇಶಪ್ಪ.

ಮುಂದಿನ ತರಗತಿಯಲ್ಲಿ ಸಂಧ್ಯಾರಾಣಿ ಮೇಡಂ ಆ ಹಾಳೆಗಳನ್ನು ನೋಡಿ, "ನಿಮ್ಮ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಬರೆದವನು ನಾನೇ ಎಂದು ಒಪ್ಪಿಕೊಂಡು ಬರೆದರೆ ಇನ್ನೂ ಹೆಚ್ಚಿನದು. ಆದರೆ ಆ ಹೆಂಗಸಿನ ಒಪ್ಪಿಗೆ ಪಡೆಯಿರಿ" ಎಂದರು. ಅವರು ಹೇಳಿದ್ದು ಸರಿಯೇ. ಆದರೂ ಒಳ್ಳೆಯ ಉದಾಹರಣೆ ಎಂಬ ಮಾತು ತಿಪ್ಪೇಶಪ್ಪನಿಗೆ ಅನ್ನದಲ್ಲಿನ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು. ಒಪ್ಪಿಗೆ ಕೇಳುವುದಿರಲಿ, ಕೇಸು ಬಿದ್ದದ್ದು ನಿನ್ನ ಮಾತಿನಿಂದಲ್ಲ ಎಂದು ಮೊದಲು ಆ ಹೆಂಗಸಿಗೆ ಹೇಳಬೇಕು. ಸಾಧ್ಯವಾದರೆ ಅವಳ ಅತ್ತೆಗೂ ಹೇಳಬೇಕು. ಅಷ್ಟನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು, ಸಂಕ್ರಾಂತಿ ಕಳೆದ ವಾರ ಸಮವಸ್ತ್ರ ಬಿಟ್ಟು, ಬಿಳಿಯ ಅಂಗಿ ತೊಟ್ಟು ಜಗಳೂರಿನ ಬಸ್ಸು ಹತ್ತಿದ.

ಊರ ಹೊರಗಿನ ಹಟ್ಟಿಯ ಮುಂದೆ ದುರುಗಮ್ಮ ಶೇಂಗಾ ಸುಲಿಯುತ್ತ ಕೂತಿದ್ದಳು. ವಯಸ್ಸು ನಲವತ್ತೈದಾದರೂ ತಲೆ ಪೂರಾ ನರೆತಿತ್ತು. ಅವನು ತನ್ನ ಹೆಸರು ಹೇಳಿ, ನಿಮ್ಮ ಗಂಡನ ಕೇಸು ಬರೆದ ರೈಟರ್ ನಾನು ಎಂದೊಡನೆ ಅವಳು ಮೊರವನ್ನು ಬದಿಗಿಟ್ಟು ಎದ್ದಳು.

"ಮತ್ತೆ ಕೋರ್ಟಿಗೆ ಬರಬೇಕೇನ್ರಿ ಸಾಹೇಬ್ರೆ? ನಾ ಬರಲ್ಲ ನೋಡ್ರಿ. ಅವರು ತೀರ್ಕಂಡೇ ಹನ್ನೊಂದು ವರ್ಷ ಆತು. ನಾಲ್ಕು ವರ್ಷ ಮಾತಿಲ್ದೆ ಮಲಗಿದ್ರು, ಹೋದ್ರು."

"ಕೋರ್ಟಿಗಲ್ಲಮ್ಮ. ನಾನೇ ಒಂದು ಮಾತು ಹೇಳಾಕೆ ಬಂದೀನಿ."

"ಹಂಗಾದ್ರೆ ಕುತ್ಕಳ್ರಿ. ಚಾ ಕಾಸ್ತೀನಿ."

"ಮೊದಲು ಕೇಳ್ರಿ. ಆಮೇಲೂ ಕೊಡಬೇಕು ಅನ್ನಿಸಿದ್ರೆ ಕೊಡ್ರಿ." ಅವನು ನಿಂತೇ ಹೇಳಿದ. "ಅವತ್ತು ನೀವು ದೀಪ ಇರಲಿಲ್ಲ ಅಂದ್ರಿ. ನಾನು ಇತ್ತು ಅಂತ ಬರೆದೆ. ಬರೆದದ್ದನ್ನ ನಿಮಗೆ ಓದಿ ಹೇಳಲಿಲ್ಲ. ಕೇಸು ಬಿದ್ದಿದ್ದು ಅದರಿಂದ. ನೀವು ಕೋರ್ಟಲ್ಲಿ ಹೇಳಿದ್ದೆಲ್ಲ ಸರಿಯಾಗೇ ಐತೆ."

ದುರುಗಮ್ಮ ಮತ್ತೆ ಕೂತಳು. ಕೈ ತಾನಾಗಿ ಒಂದು ಶೇಂಗಾ ಎತ್ತಿಕೊಂಡು ಒಡೆಯಿತು. ಕಾಳನ್ನು ಮೊರಕ್ಕೆ ಹಾಕುವುದರ ಬದಲು ಸಿಪ್ಪೆಯನ್ನು ಹಾಕಿದಳು.

"ನಾನು ಹಂಗೇ ಅಂದಿದ್ದೆ, ಅಲ್ಲೇನ್ರಿ?" ಎಂದಳು ಮೆಲ್ಲಗೆ. "ನನಗೇ ಅನುಮಾನ ಬಂದ್ಬಿಟ್ಟಿತ್ತು. ಆ ವಕೀಲ್ರು ಕಾಗದ ತೋರ್ಸಿ ತೋರ್ಸಿ ಕೇಳಿದ್ರು, ಇದು ನಿನ್ನ ಹೆಬ್ಬೆಟ್ಟು ಹೌದೋ ಅಲ್ಲೋ ಅಂತ. ಹೆಬ್ಬೆಟ್ಟು ನಂದೇ. ನಾನೇ ದೀಪ ಇತ್ತು ಅಂತ ಬಾಯಿ ತಪ್ಪಿ ಹೇಳಿಬಿಟ್ಟಿದ್ನೇನೋ, ಅವತ್ತು ಬುದ್ಧಿ ನೆಟ್ಟಗಿರಲಿಲ್ಲ, ಗಂಡನ್ನ ಹೊಡೆದೋನು ನನ್ನ ಬಾಯಿಂದಲೇ ತಪ್ಪಿಸ್ಕಂಡ್ನೇನೋ ಅಂತ, ಇಷ್ಟು ವರ್ಷ ಅದನ್ನೇ ಲೆಕ್ಕ ಹಾಕ್ಕಂತ ಕುಂತೀನಿ."

ತಿಪ್ಪೇಶಪ್ಪ ಇದನ್ನು ನಿರೀಕ್ಷಿಸಿರಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಬಂದಿದ್ದ. "ನಿಮ್ಮ ಅತ್ತೆ..." ಎಂದು ಕೇಳಿದ.

"ಹೋಗಿ ನಾಲ್ಕು ವರ್ಷ ಆತು. ಕೇಸು ಬಿದ್ದ ಮ್ಯಾಲೆ ಅತ್ತೆ ಚನ್ನಗಿರಿಗೆ ಹೋಗಿ ಯಾರೋ ಪೊಲೀಸ್ನೋರ್ನೇ ಕೇಳ್ಕಂಡು ಬಂದ್ರು. ನಾನು ಜಯಪ್ಪನ ಕಡೆಯಿಂದ ದುಡ್ಡು ತಿಂದು ಮಾತು ತಿರುಗಿಸಿದೆ ಅಂತ ಆತು. ಒಲೆ ಬೇರೆ ಹೂಡಿದ್ರು. ನನ್ನ ಕೈಯಾಗಿನ ಒಂದು ಲೋಟ ನೀರು ಕುಡೀಲಿಲ್ಲ. ಸಾಯೋ ಮುಂದೆ ಬಾಯಿಗೆ ನೀರು ಬಿಟ್ಟಾಕಿ ಪಕ್ಕದ ಮನೆಯಾಕಿ. ನಾನು ಬಾಗಿಲಾಗೆ ನಿಂತಿದ್ದೆ."

"ಚನ್ನಗಿರಿಯಲ್ಲಿ ಹೇಳಿದವನೂ ನಾನೇ ಅಮ್ಮ."

ಅವಳು ತಲೆ ಎತ್ತಿದಳು. "ನಿಮಗ್ಯಾರು ಹೇಳಿದ್ರು, ನಾನು ಮಾತು ತಿರುಗಿಸಿದೆ ಅಂತ?"

"ಯಾರೂ ಹೇಳಿರಲಿಲ್ಲ. ಕೇಸು ಬಿದ್ರೆ ನಾವು ಹಂಗೇ ಹೇಳ್ತೀವಿ."

ದುರುಗಮ್ಮ ಮೊರದಿಂದ ಆ ಸಿಪ್ಪೆಯನ್ನು ಆರಿಸಿ ಎಸೆದಳು. ಆಮೇಲೆ, "ಅತ್ತೆಗೆ ಇನ್ನು ಯಾರು ಹೇಳಾಕಾಗ್ತೈತೆ? ಮಗಳೊಬ್ಬಳು ಅದಾಳೆ, ಚೈತ್ರಶ್ರೀ ಅಂತ. ಅಪ್ಪನಿಗೆ ಏಟು ಬಿದ್ದಾಗ ಒಂಬತ್ತು ವರ್ಷ. ಅಜ್ಜಿ ಒಲೆ ಕಡೆ ಬೆಳೆದೋಳು, ಅಜ್ಜಿ ಮಾತೇ ಅವಳ ಮಾತು. ನ್ಯಾಮತಿಯಾಗೆ ಮೆಡಿಕಲ್ ಶಾಪಲ್ಲಿ ಕೆಲ್ಸ ಮಾಡ್ತಾಳೆ. ಅಜ್ಜಿ ಮಣ್ಣಿಗೆ ಬಂದೋಳು, ಆಮೇಲೆ ಇತ್ತ ತಲೆ ಹಾಕಿಲ್ಲ. ನಾನು ಹೇಳಿದ್ರೆ ನಂಬಲ್ಲ. ನೀವು ಹೇಳ್ರಿ. ಪೊಲೀಸ್ನೋರು ಹೇಳಿದ್ದನ್ನ ಜನ ನಂಬ್ತಾರೆ" ಎಂದಳು. ಕೊನೆಯ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಪ್ರಬಂಧದ ವಿಷಯವನ್ನೂ ಅವನು ಅಂಜುತ್ತಲೇ ಕೇಳಿದ. "ನನಗೆ ಅದೆಲ್ಲ ತಿಳಿಯಲ್ರಿ, ಮಗಳನ್ನೇ ಕೇಳ್ರಿ" ಎಂದಳು. ಅವನ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡಳು. ಚಾ ಕಾಸುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಹೊನ್ನಾಳಿಯಿಂದ ನ್ಯಾಮತಿ ದೂರವೇನಲ್ಲ. ಆದರೂ ಹೋಗಲು ತಿಪ್ಪೇಶಪ್ಪನಿಗೆ ಇನ್ನೂ ಮೂರು ವಾರ ಹಿಡಿಯಿತು. ಒಂದು ವಾರ ಬಂದೋಬಸ್ತು ಎಂದ, ಇನ್ನೊಂದು ವಾರ ಮೈಗೆ ಹುಷಾರಿಲ್ಲ ಎಂದ. ಫೆಬ್ರುವರಿಯ ನಡುವೆ ಕೊನೆಗೂ ಹೊರಟಾಗ ಬಸ್ಸು ಸೂರಗೊಂಡನಕೊಪ್ಪದ ಜಾತ್ರೆಗೆ ಹೋಗುವ ಮಾಲಾಧಾರಿಗಳಿಂದ ತುಂಬಿತ್ತು. ದಾರಿಯುದ್ದಕ್ಕೂ ಅವರ ಹಾಡಿನ ನಡುವೆ ಒಂಟಿ ಕಾಲಿನಲ್ಲಿ ನಿಂತು ನ್ಯಾಮತಿಯಲ್ಲಿ ಇಳಿದ.

ಚೈತ್ರಶ್ರೀ ಇಪ್ಪತ್ತನಾಲ್ಕರ ಚುರುಕಾದ ಹುಡುಗಿ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅಂಗಡಿಯ ಪಕ್ಕದ ಕಟ್ಟೆಯ ಮೇಲೆ ಬಂದು ಕೂತಳು. ಅವನು ಹೇಳಿದ್ದನ್ನು ಅರ್ಧ ಕೇಳುವಷ್ಟರಲ್ಲಿಯೇ, "ಕಾಗದ ತಂದೀರಾ ಸರ್?" ಎಂದು ಕೈ ಚಾಚಿದಳು. ಮೊದಲು ದೂರು ಓದಿದಳು. ಆಮೇಲೆ ತಾಯಿಯ ಸಾಕ್ಷ್ಯ ಓದಿದಳು. ಅದನ್ನು ಎರಡನೆಯ ಸಲ ಓದುವಾಗ ಅವಳ ತುಟಿ ಅಲುಗುತ್ತಿತ್ತು.

"ಅವ್ವ ಇಷ್ಟೆಲ್ಲ ಮಾತಾಡಿದ್ಲಾ, ಅಷ್ಟು ಜನದ ಮುಂದೆ?"

"ನಾಲ್ಕು ಸಲ ಕೇಳಿದ್ರೂ ಅದನ್ನೇ ಹೇಳಿದ್ದಾರಮ್ಮ."

"ನಾನು ಅವ್ವನ ಮುಖಕ್ಕೇ ಅಂದೀನಿ ಸರ್. ಪಿಯುಸಿ ಫೀಸಿಗೆ ದುಡ್ಡು ಕೊಡಾಕೆ ಹಾಸ್ಟೆಲಿಗೆ ಬಂದಿದ್ಲು. ಎಷ್ಟಕ್ಕೆ ಮಾರಿದೆ ನಮ್ಮಪ್ಪನ್ನ, ಅದ್ರಾಗಿನ ದುಡ್ಡಾ ಇದು ಅಂತ ಕೇಳಿದ್ದೆ. ಅವ್ವ ಏನೂ ಅನ್ನಲಿಲ್ಲ. ಅನ್ನದೇ ಇದ್ದದ್ದಕ್ಕೆ ನಿಜವೇ ಇರಬೇಕು ಅನ್ಕಂಡೆ." ಅವಳು ಹಾಳೆಗಳನ್ನು ತೊಡೆಯ ಮೇಲೆ ಒಪ್ಪವಾಗಿ ಜೋಡಿಸಿದಳು. "ಇದನ್ನ ಅವತ್ತೇ ಹೇಳಾಕೆ ಏನಾಗಿತ್ತು ನಿಮಗೆ?"

"ಗೊತ್ತಿರಲಿಲ್ಲಮ್ಮ."

"ಗೊತ್ತಿರಲಿಲ್ವೋ, ನೋಡಿರಲಿಲ್ವೋ?"

ಮೂವತ್ತು ವರ್ಷ ಜನರನ್ನು ಪ್ರಶ್ನೆ ಕೇಳಿದವನಿಗೆ ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವ ದಾರಿ ಕಾಣಲಿಲ್ಲ. "ನೋಡಿರಲಿಲ್ಲ" ಎಂದ.

"ನೀವು ಈ ಎಂ.ಎ. ಓದದೇ ಇದ್ದಿದ್ರೆ?"

ಅವನು ಅದನ್ನು ದಾಟಿಸಿ ಪ್ರಬಂಧದ ಮಾತು ತೆಗೆದ. ಹೆಸರು ಬದಲಿಸುವೆನೆಂದೂ, ತಪ್ಪು ತನ್ನದೆಂದೇ ಬರೆಯುವೆನೆಂದೂ, ಮುಂದೆ ಬರುವ ಎಳೆಯ ರೈಟರುಗಳಿಗೆ ಅದು ಪಾಠವಾಗುವುದೆಂದೂ ಹೇಳಿದ. ಹೇಳುತ್ತಿದ್ದಂತೆಯೇ ತನ್ನ ದನಿ ತನಗೇ ಅರ್ಜಿಯ ಒಕ್ಕಣೆಯ ಹಾಗೆ ಕೇಳಿಸಿತು.

ಚೈತ್ರಶ್ರೀ ಎದ್ದು ನಿಂತಳು. "ಬ್ಯಾಡ ಸರ್. ನೀವು ಒಂದು ಸಲ ನಮ್ಮವ್ವನ ಬಗ್ಗೆ ಬರೆದಿದ್ದೇ ಸಾಕು."

ಸಾಕ್ಷ್ಯದ ನಕಲನ್ನು ಮಾತ್ರ ತನ್ನ ಬಳಿ ಇಟ್ಟುಕೊಂಡು, ಉಳಿದದ್ದನ್ನು ಅವನ ಕೈಗೆ ಕೊಟ್ಟು ಅಂಗಡಿಯೊಳಕ್ಕೆ ಹೋದಳು. ಕೌಂಟರಿನ ಹಿಂದೆ ನಿಂತು ಯಾರಿಗೋ ಮಾತ್ರೆ ಎಣಿಸಿ ಕೊಡುತ್ತಿದ್ದಳು. ಅವನು ಹೊರಡುವಾಗ ಅವಳು ತಲೆ ಎತ್ತಲಿಲ್ಲ.

ಆ ವಾರ ತಿಪ್ಪೇಶಪ್ಪ ಪ್ರಬಂಧದಿಂದ ಮೂವತ್ತೆರಡು ಪುಟ ಕಿತ್ತು ತೆಗೆದ. ಎರಡು ತಿಂಗಳು ಕೂತು ಬರೆದ ಪುಟಗಳು ಅವು. ಉಳಿದ ಹತ್ತೊಂಬತ್ತು ಪ್ರಕರಣಗಳನ್ನು ಇಟ್ಟುಕೊಂಡು ಒಪ್ಪಿಸಿದ. "ಪ್ರಬಂಧದ ಜೀವವೇ ಅದಾಗಿತ್ತಲ್ಲ!" ಎಂದು ಸಂಧ್ಯಾರಾಣಿ ಮೇಡಂ ಪೇಚಾಡಿದರು. ಮಾರ್ಚಿನ ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, "ಇಷ್ಟು ವರ್ಷ ರೈಟರ್ ಆಗಿದ್ದೀರಿ, ನಿಮ್ಮ ಸ್ವಂತ ಅನುಭವದ ಒಂದು ಪ್ರಕರಣವೂ ಇಲ್ಲವಲ್ಲ?" ಎಂದು ಕೇಳಿದರು.

"ಇದೆ ಸರ್. ಬರೆಯಲು ಅನುಮತಿ ಇಲ್ಲ" ಎಂದ ತಿಪ್ಪೇಶಪ್ಪ.

ಪರೀಕ್ಷಕರು ಇಲಾಖೆಯ ಅನುಮತಿ ಎಂದು ತಿಳಿದು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಯುಗಾದಿ ಕಳೆದ ಮೂರನೆಯ ದಿನ, ಮಧ್ಯಾಹ್ನ, ಅವನು ಠಾಣೆಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ದುರುಗಮ್ಮನ ದನಿ.

"ಮಗಳು ಬಂದಿದ್ಲು ಸಾಹೇಬ್ರೆ. ಹಬ್ಬಕ್ಕೆ. ಎರಡು ದಿನ ಇದ್ಲು. ಆ ಕಾಗದ ಓದಿ ಹೇಳಿದ್ಲು, ನಾನು ಕೋರ್ಟಲ್ಲಿ ಹೇಳಿದ್ದು. ಓದ್ತಾ ಓದ್ತಾ ಅತ್ಲು. ನಾನು ಅಳಲಿಲ್ಲ."

"ಬಂದಿದ್ರಲ್ಲ, ಸಂತೋಷ ಆತಮ್ಮ" ಎಂದ ತಿಪ್ಪೇಶಪ್ಪ. ಅವನ ಎದೆಯ ಮೇಲಿಂದ ಏನೋ ಇಳಿಯಲು ಹೊರಟಿತ್ತು.

"ಸಂತೋಷದ ಮಾತಾಡಬ್ಯಾಡ್ರಿ." ದನಿ ಇದ್ದಕ್ಕಿದ್ದಂತೆ ಬೇರೆಯಾಯಿತು. "ನೀವು ಬಂದ ದಿನ ನನಗೆ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಅಂತ ನನಗೇ ತಿಳೀಲಿಲ್ಲ. ಮಗಳು ಇವತ್ತು ಬಸ್ ಹತ್ತಿ ಹೋದ್ಲಲ್ಲ, ತಿರುಗಿ ಬಂದು ಮನೆ ನೋಡಿದೆ. ಆ ಮೂಲೇಲಿ ಅತ್ತೆದೊಂದು ಒಲೆ, ಈ ಮೂಲೇಲಿ ನಂದೊಂದು. ಈಗ ಬಂತು ನೋಡ್ರಿ ಸಿಟ್ಟು. ಕೇಳ್ತೀರಾ, ಇಡ್ತೀರಾ ಫೋನು?"

"ಕೇಳ್ತೀನಿ ತಾಯಿ. ಹೇಳ್ರಿ."

ದುರುಗಮ್ಮ ಬೈಯಲು ಶುರುಮಾಡಿದಳು. ಅವನ ಕೈಗೆ, ಅವನ ಪೆನ್ನಿಗೆ, ಅವನ ಓದಿಗೆ, ಅವನನ್ನು ಹೆತ್ತವಳಿಗೆ, ಗಂಡ ಮಲಗಿದ್ದ ನಾಲ್ಕು ವರ್ಷಕ್ಕೆ, ಅತ್ತೆ ಮುಟ್ಟದ ಒಂದೊಂದು ಲೋಟಕ್ಕೂ ಲೆಕ್ಕವಿಟ್ಟವಳಂತೆ ಬೈದಳು. ಜಗಳೂರಿನ ಕಡೆಯ ಬೈಗುಳಕ್ಕೆ ಸುತ್ತುಬಳಸು ಇಲ್ಲ. ತಿಪ್ಪೇಶಪ್ಪ ಕುರ್ಚಿಯಿಂದ ಎದ್ದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಫೋನನ್ನು ಕಿವಿಗೆ ಒತ್ತಿ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತ. ಪ್ರದೀಪ್ ಬಾಗಿಲಲ್ಲಿ ಇಣುಕಿ, ಕೈಸನ್ನೆಯಲ್ಲಿ ಯಾರೆಂದು ಕೇಳಿದ. ತಿಪ್ಪೇಶಪ್ಪ ಒಳಗೆ ಹೋಗೆಂದು ಕೈ ಆಡಿಸಿದ.

ನಡುವೆ ಒಮ್ಮೆ ಅವಳು ನಿಂತು, "ಅದೀರಾ?" ಎಂದು ಕೇಳಿದಳು.

"ಅದೀನಿ."

ಮತ್ತೆ ಬೈದಳು. ಎಷ್ಟೋ ಹೊತ್ತಾದ ಮೇಲೆ ಅವಳೇ ಫೋನ್ ಇಟ್ಟಳು.